ಮಳೆಗಾಲದಲ್ಲಿ ಹೊಳೆ ಮಟ್ಟದ ಅಂದಾಜು ದಾರಿ ತಪ್ಪುತ್ತಿದೆ

ಹೊಳೆದಂಡೆ: ಭಾಗಮಂಡಲದ ಹತ್ತಿರ ತೋಟದ ಪಕ್ಕದ ಹೊಳೆಗೆ ನೀರಿನ ಮಟ್ಟ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದ್ದೇನೆ. ಎಕ್ಸ್‌ಟೆಂಡೆಡ್ ಕಾಲ್ಮನ್ ಫಿಲ್ಟರ್ (ಹೊಳೆಯ ಗಣಿತದ ಮಾಡೆಲ್ ಎಣಿಸಿದ್ದನ್ನೂ ಸೆನ್ಸರ್ ಅಳತೆಯನ್ನೂ ಸೇರಿಸಿ ಮಟ್ಟ ಅಂದಾಜಿಸುವ ಲೆಕ್ಕ) ಬೇಸಿಗೆಯಲ್ಲಿ ಚೆನ್ನಾಗಿತ್ತು. ಈಗ ಒಂದು ಕೊಂಬೆ ತೇಲಿ ಬಂದರೂ ಸಾಕು, ಅಂದಾಜು ಎಲ್ಲಿಗೋ ಹಾರುತ್ತದೆ. ಹೊಳೆಯ ತಳವೂ ಪ್ರತಿ ನೆರೆಗೆ ಬದಲಾಗುತ್ತದೆ, ಮಾಡೆಲ್ ನಂಬುವುದು ಹೇಗೆ?

ಏಲಕ್ಕಿ: ಎರಡೂ ಬೇರೆ ತೊಂದರೆ, ಬೆರೆಸಬೇಡಿ. ಕೊಂಬೆಗೆ ಸಂಖ್ಯಾಶಾಸ್ತ್ರಜ್ಞ ಪೀಟರ್ ಹ್ಯೂಬರ್ 1964ರಲ್ಲಿ ಕೊಟ್ಟ ವಿಧಾನ ಸಾಕು: ಫಿಲ್ಟರ್ ಎಣಿಸಿದ್ದಕ್ಕೂ ಸೆನ್ಸರ್ ಹೇಳಿದ್ದಕ್ಕೂ ಅಂತರ ಮಿತಿ ದಾಟಿದರೆ ಆ ಅಳತೆಯ ತೂಕ ಇಳಿಸಿ. ಸುಮ್ನೆ ಬಿಸಾಡಬೇಡಿ, ನಿಜವಾದ ನೆರೆಯೂ ಮೊದಲು ಹಾಗೇ ಕಾಣುತ್ತದೆ, ಅಲ್ವಾ?

ಮಂಜುಬೆಟ್ಟ: ತಳಕ್ಕೆ ಎಚ್-ಇನ್ಫಿನಿಟಿ ಫಿಲ್ಟರ್ ನೋಡಿ. ಕಾಲ್ಮನ್ ಸರಾಸರಿ ತಪ್ಪನ್ನು ಇಳಿಸುತ್ತದೆ, ಇದು ಅತಿ ಕೆಟ್ಟ ಸಂದರ್ಭಕ್ಕೆ ಮಿತಿ ಹಾಕುತ್ತದೆ. ಬೇಸಿಗೆಯಲ್ಲಿ ಅಂದಾಜು ಸ್ವಲ್ಪ ಒರಟಾಗಬಹುದು.

ಹೊಳೆದಂಡೆ: ಒರಟಾದರೂ ಪರವಾಗಿಲ್ಲ, ನನಗೆ ನೆರೆಯ ರಾತ್ರಿಯೇ ಮುಖ್ಯ. ಮೊದಲು ಹ್ಯೂಬರ್ ಹಾಕುತ್ತೇನೆ.