ಬರಗಾಲದಲ್ಲಿ ಕಣ್ಮರೆಯಾದ ಮುತ್ತಜ್ಜನನ್ನು ಹುಡುಕುವುದು ಹೇಗೆ?

ಪ್ರಶ್ನೆ:
ನಮ್ಮ ಮೂಲ ಊರು ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿದೆ. ನನ್ನ ಅಜ್ಜನ ತಂದೆಯವರು ‘ಧಾತು ಈಶ್ವರ ಬರ’ದಲ್ಲಿ ಹೊಲ ಮಾರಿ ಊರು ಬಿಟ್ಟರೆಂದೂ ಮತ್ತೆ ಹಿಂದಿರುಗಲಿಲ್ಲವೆಂದೂ ಮನೆಯ ಹಿರಿಯರು ಹೇಳುತ್ತಿದ್ದರು. ಈಶ್ವರ ಸಂವತ್ಸರವೆಂದು ಬರೆದಿರುವ ಒಂದು ಕ್ರಯಪತ್ರದ ಹೊರತು ನಮ್ಮ ಬಳಿ ಬೇರೇನೂ ಉಳಿದಿಲ್ಲ. ಅದರಲ್ಲಿ ಅವರ ಹೆಸರೂ ಅವರ ತಂದೆಯ ಹೆಸರೂ ಇವೆ. ಮುಂದೆ ಎಲ್ಲಿ ಹುಡುಕಬೇಕು?

ಮೊದಲ ಉತ್ತರ:
ಮಾನ್ಯರೇ, ಹುಡುಕುವ ಮೊದಲು ಆ ಪತ್ರ ನಿಮ್ಮ ಮುತ್ತಜ್ಜನದೇ ಹೌದೇ ಎಂಬುದನ್ನು ಪರೀಕ್ಷಿಸಿರಿ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ಈಶ್ವರವು ಆ ಬರದ ಕಾಲದ 1877–78 ಆಗಿರಬಹುದು, 1817–18 ಕೂಡ ಆಗಿರಬಹುದು. ಮೊಮ್ಮಗನಿಗೆ ತಾತನ ಹೆಸರಿಡುವ ಮನೆಗಳಲ್ಲಿ ಎರಡೇ ಹೆಸರುಗಳು ತಲೆಮಾರು ಬಿಟ್ಟು ತಲೆಮಾರಿಗೆ ಬರುವುದರಿಂದ, ತಂದೆಯ ಹೆಸರು ಹೊಂದಿದ ಮಾತ್ರಕ್ಕೆ ವ್ಯಕ್ತಿ ಅವನೇ ಎನ್ನಲಾಗದು. ಆತ ನಿಮ್ಮ ಮುತ್ತಜ್ಜನ ತಾತನೂ ಆಗಿರಬಹುದು. ಶಾಲಿವಾಹನ ಶಕದ ಸಂಖ್ಯೆ ಇದ್ದರೆ ಸಂದೇಹವೇ ಇಲ್ಲ. ಇಲ್ಲದಿದ್ದರೆ ಮಾಸ, ತಿಥಿ, ವಾರಗಳನ್ನು ಎರಡೂ ವರ್ಷಗಳ ಪಂಚಾಂಗದೊಡನೆ ಹೋಲಿಸಿರಿ. ಚೆಕ್ಕುಬಂದಿಯಲ್ಲಿ (ಹೊಲದ ನಾಲ್ಕು ದಿಕ್ಕಿನ ಎಲ್ಲೆಗಳ ವಿವರದಲ್ಲಿ) ಹೆಸರಿಸಿದ ನೆರೆಹೊಲದವರು, ಸಾಕ್ಷಿಗಳು, ಬರೆದ ಶಾನುಭೋಗರ ರುಜು, ಇವು ಇನ್ನೂ ಗಟ್ಟಿಯಾದ ಸುಳಿವುಗಳು, ಏಕೆಂದರೆ ಅದೇ ಶಾನುಭೋಗರು ಬರೆದ ಬೇರೆ ಪತ್ರಗಳು ಊರಿನ ಯಾವುದಾದರೂ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿಯಾವು.

ಎರಡನೆಯ ಉತ್ತರ:
ಜನಗಣತಿಯನ್ನು ನೆಚ್ಚಬೇಡಿರಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷವಿದ್ದುದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದುದನ್ನು ಆ ವರದಿಗಳು ತಿಳಿಸುತ್ತವೆಯೇ ಹೊರತು, ಹೋದವರ ಹೆಸರನ್ನಲ್ಲ.

ನಿಮ್ಮ ಕುಲಕ್ಕೆ ಹೆಳವರು ಬರುತ್ತಿದ್ದರೇ ಎಂದು ಊರಿನಲ್ಲಿ ವಿಚಾರಿಸಿರಿ. ಸುಗ್ಗಿಯ ನಂತರ ಎತ್ತಿನೊಡನೆ ಮನೆಬಾಗಿಲಿಗೆ ಬಂದು, ವಂಶಾವಳಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳುಕಡಿ ಪಡೆದು ಹೋಗುವವರು ಅವರು. ಇಂತಿಂಥ ಒಕ್ಕಲು ಇಂತಿಂಥ ಹೆಳವರಿಗೆ ಎಂದು ಹಂಚಿಕೆಯಾಗಿರುವುದರಿಂದ, ನಿಮ್ಮ ಬೆಡಗು (ಕುಲದೊಳಗಿನ ಪಂಗಡ) ಮತ್ತು ಮನೆದೇವರನ್ನು ತಿಳಿದುಕೊಂಡೇ ಹೊರಡಬೇಕು. ಊರು ಬಿಟ್ಟುಹೋದ ಕವಲನ್ನು ಅವರು ಹೊಸ ಊರಿನಲ್ಲಿಯೂ ಅರಸಿ ಹೋಗುತ್ತಿದ್ದುದುಂಟು. ಯಾವ ಕಡತದಲ್ಲಿಯೂ ಇಲ್ಲದ ಸಂಗತಿ ಅಲ್ಲಿ ಸಿಗುವುದು ಇದರಿಂದಲೇ. ಆದರೆ ಅವರು ಹೇಳುವುದರ ಆರಂಭಭಾಗ ಹೊಗಳಿಕೆ ಮತ್ತು ಪುರಾಣ. ಕೊನೆಯ ಕೆಲವು ತಲೆಮಾರುಗಳನ್ನು ಮಾತ್ರ ಪತ್ರದೊಡನೆ ತಾಳೆ ನೋಡಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಪತ್ರವನ್ನು ಮತ್ತೆ ಬಿಚ್ಚಿ ನೋಡಿದೆ. ಶಕದ ಸಂಖ್ಯೆ ಇದ್ದಿರಬಹುದಾದ ಮೇಲಂಚನ್ನು ಗೆದ್ದಲು ತಿಂದಿದೆ, ತಿಥಿ ಮತ್ತು ವಾರ ಉಳಿದಿವೆ. ನನ್ನ ಅಜ್ಜನ ಹೆಸರೂ ಪತ್ರದಲ್ಲಿರುವ ತಂದೆಯ ಹೆಸರೂ ಒಂದೇ ಎಂಬುದು ಈವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ಪಂಚಾಂಗ ನೋಡಿದ ಮೇಲೆ ತಿಳಿಸುತ್ತೇನೆ.