ಪದಚರ್ಚೆ: ಚ್ಯವನನಿಗೆ ಆದದ್ದನ್ನು ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಮಕ್ಕಳಿಗಾಗಿ ಚ್ಯವನನ ಕತೆ ಬರೆಯಲು ಕೂತವನು ಒಂದು ಕ್ರಿಯಾಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಅಶ್ವಿನೀದೇವತೆಗಳು ಮುದುಕ ಋಷಿಯ ಜೊತೆ ನೀರಿಗಿಳಿಯುತ್ತಾರೆ. ಏಳುವಾಗ ಮೂವರೂ ಒಂದೇ ಅಚ್ಚಿನ ಹರೆಯದವರು. ಸುಕನ್ಯೆ ಅವರಲ್ಲಿ ತನ್ನ ಗಂಡನನ್ನು ಗುರುತಿಸಬೇಕು. ಸರಿ, ಋಷಿಗೆ ಆದದ್ದೇನು?

'ವಾಸಿಯಾಯಿತು' ಎನ್ನಲು ಮನಸ್ಸಿಲ್ಲ. 'ಅದಕ್ಕಿಂತ ಇದೇ ವಾಸಿ' ಎನ್ನುವಾಗಿನ ಅಳತೆಯೇ ಅದರಲ್ಲಿ ಕೇಳಿಸುತ್ತದೆ: ನಿನ್ನೆಗಿಂತ ಇವತ್ತು ಮೇಲು, ಅಷ್ಟೆ. 'ಗುಣವಾಯಿತು' ಆಸ್ಪತ್ರೆಯ ಮಾತು. ಮಾಯುವುದು ಗಾಯ, ಮಾದ ಮೇಲೂ ಕಲೆ ಉಳಿಯುತ್ತದೆ. 'ಕಾಯಕಲ್ಪ' ಹತ್ತಿರ ಬರುತ್ತದೆ, ಆದರೆ ಪೇಪರಿನವರು ಬಸ್ ನಿಲ್ದಾಣಕ್ಕೂ ಹಾಳು ಕೆರೆಗೂ ಕಾಯಕಲ್ಪ ಮಾಡಿಸಿ ಅದರ ಕಾಯವೇ ಸವೆದುಹೋಗಿದೆ. ಋಗ್ವೇದದಲ್ಲಿ ಅಶ್ವಿನಿಗಳು ಚ್ಯವನನ ಮುಪ್ಪನ್ನು ತೊಟ್ಟ ಉಡುಪಿನಂತೆ ಕಳಚಿದರೆಂಬ ಮಾತಿದೆ. 'ಪೊರೆ ಕಳಚಿದ' ಎಂದರೆ ಚೆನ್ನ, ಆದರೆ ಮಕ್ಕಳು ಹಾವು ಎಲ್ಲಿ ಎಂದು ಕೇಳುತ್ತಾರೆ.

ಹಳಬರು ಈ ವಿಷಯದಲ್ಲಿ ಜಿಪುಣರಲ್ಲ. ವಾಲ್ಮೀಕಿ ರಾಮಾಯಣದಲ್ಲಿ ಹನುಮಂತ ತರಬೇಕಾದ ಮೂಲಿಕೆಗಳು 4: ಜೀವ ಮರಳಿಸುವ ಮೃತಸಂಜೀವನಿ, ನೆಟ್ಟ ಬಾಣ ಕೀಳುವ ವಿಶಲ್ಯಕರಣಿ, ಮೈಬಣ್ಣ ತರುವ ಸಾವರ್ಣ್ಯಕರಣಿ, ಮುರಿದದ್ದನ್ನು ಕೂಡಿಸುವ ಸಂಧಾನಿ. ನಾವು ಎಲ್ಲವನ್ನೂ ಸಂಜೀವಿನಿಯೊಳಗೆ ತುರುಕಿದ್ದೇವೆ.

ಚ್ಯವನನ ಕತೆ ಹರೆಯ ಬಂದಲ್ಲಿಗೆ ಮುಗಿಯುವುದೂ ಇಲ್ಲ. ಅಶ್ವಿನಿಗಳು ವೈದ್ಯರು, ಮನುಷ್ಯರ ನಡುವೆ ತಿರುಗುವವರು ಎಂದು ಇಂದ್ರ ಅವರಿಗೆ ಸೋಮದ ಪಾಲು ಕೊಡಲೊಪ್ಪುವುದಿಲ್ಲ. ಹೊಸಬನಾದ ಋಷಿ ಇಂದ್ರನಿಗೇ ಎದುರು ನಿಂತು ಆ ಪಾಲು ಕೊಡಿಸುತ್ತಾನೆ. ಮೈ ಹೊಸದಾದರೆ ಸಾಲದು, ಪಂಕ್ತಿಯೂ ಹೊಸದಾಗಬೇಕು ಎಂದು ನಾನು ಓದಿಕೊಂಡಿದ್ದೇನೆ. ಅತ್ತ ಯಯಾತಿ ಪೂರುವಿನಿಂದ ಪಡೆದದ್ದು ಬರೀ ಹರೆಯ. ಆಸೆ ತೀರದೆ ಹಿಂದಿರುಗಿಸಬೇಕಾಯಿತು.

ನಮ್ಮ ಕೊಡಗಿನಲ್ಲಿ ಮೈಗೆ ಮದ್ದಾಗುವುದಕ್ಕೂ ಹೊಸದಾಗುವುದಕ್ಕೂ ಬೇರೆ ಬೇರೆ ದಿನಗಳೇ ಇವೆ. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ ಮೊದಲ ವಾರ, ಮದ್ದುಸೊಪ್ಪು ಬೇಯಿಸಿದ ನೇರಳೆ ಬಣ್ಣದ ರಸದಲ್ಲಿ ಪಾಯಸ. ಮಾರನೆಯ ದಿನ ಮೂತ್ರ ಕೆಂಪಗಾದರೆ ಮದ್ದು ಮೈಗೆ ಹತ್ತಿತು ಎನ್ನುತ್ತಾರೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಯ ಕುಂಡಿಕೆಯಲ್ಲಿ ಉಕ್ಕುವ ತೀರ್ಥ ಬೇರೆಯೇ. ಅದನ್ನು ಮನೆಯಲ್ಲಿ ಜೋಪಾನವಾಗಿಟ್ಟು, ಕಣ್ಣುಮುಚ್ಚುವ ಹೊತ್ತಿನ ಹಿರಿಯರ ಬಾಯಿಗೆ ಹನಿ ಬಿಡುತ್ತಾರೆ. ವರ್ಷ ವರ್ಷ ಹೊಸದಾಗುವ ನೀರು ರೋಗ ಬಿಡಿಸಲು ಅಲ್ಲ, ದಾಟಿಸಲು. ತೀರ್ಥ ಎಂದರೆ ಹೊಳೆ ದಾಟುವ ಕಡವೂ ಹೌದಲ್ಲವೆ?

ಸದ್ಯಕ್ಕೆ ನನ್ನ ಕೈಯಲ್ಲಿರುವುದು 'ಚಿಗುರು'. ನೆರೆಮನೆಯ ಅಜ್ಜಿ ಮೊನ್ನೆ, "ಜ್ವರ ಏನೋ ವಾಸಿ ಆಯ್ತು ಮಗಾ, ಜೀವ ಇನ್ನೂ ಚಿಗುರಿಲ್ಲ" ಅಂದರು. 'ಚ್ಯವನ ಚಿಗುರಿ ಎದ್ದ' ಎಂದು ಬರೆಯಬಹುದೆ? ನಿಮ್ಮ ಕಡೆ ಮನುಷ್ಯರಿಗೆ ಈ ಮಾತು ಸಲ್ಲುತ್ತದೆಯೇ, ಗಿಡಕ್ಕೆ ಮಾತ್ರವೇ? ಹಾಸನ, ಮೈಸೂರು ಸೀಮೆಯವರು, ಅರೆಭಾಷೆ ಆಡುವವರು ದಯವಿಟ್ಟು ತಿಳಿಸಿ. 'ಮಾಯು' ಗಾಯವನ್ನು ಬಿಟ್ಟು ಬೇರೆಲ್ಲಾದರೂ ಬಳಕೆಯಲ್ಲಿದ್ದರೆ ಅದನ್ನೂ ಬರೆಯಿರಿ.