ಮಾಸ್ಟರ್ಸ್ ಈಜಿನಲ್ಲಿ ಟೆಕ್ ಸೂಟ್ ಹಾಕೋದು ನ್ಯಾಯವಾ?

ತುಂಗೆದಡ
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು, ಮಾಸ್ಟರ್ಸ್‌ನಲ್ಲಿ, ಅಂದರೆ 25 ವರ್ಷ ತುಂಬಿದವರ ಸ್ಪರ್ಧೆಯಲ್ಲಿ, 45–49 ವಯಸ್ಸಿನ ಗುಂಪಿನಲ್ಲಿ ಈಜುತ್ತೇನೆ. ಈ ಸಲ ಬೆಂಗಳೂರಿನ ಮೀಟ್‌ನಲ್ಲಿ ನನ್ನ ಹೀಟ್‌ನ ಅರ್ಧದಷ್ಟು ಜನ ಸೊಂಟದಿಂದ ಮಂಡಿವರೆಗೆ ಬಿಗಿಯಾಗಿ ಕೂರುವ ರೇಸಿಂಗ್ ಸೂಟ್, ಅದೇ ಟೆಕ್ ಸೂಟ್, ಹಾಕಿಕೊಂಡು ಬಂದಿದ್ದರು. ಬೆಲೆ ಕೇಳಿದರೆ ಇಪ್ಪತ್ತು ಸಾವಿರದ ಮೇಲೆ ಅಂದರು. ನಾನು ಸೋತಿದ್ದಕ್ಕೆ ಬೇಜಾರಿಲ್ಲ. ಆದರೆ ನಮ್ಮೂರಿನ ಬಸ್ ಕಂಡಕ್ಟರ್ ಒಬ್ಬರಿದ್ದಾರೆ, ಹೊಳೆಯಲ್ಲೇ ಈಜು ಕಲಿತವರು, ಒಳ್ಳೆ ವೇಗ ಇದೆ, ಮುಂದಿನ ಮೀಟ್‌ಗೆ ಬನ್ನಿ ಅಂತ ಎಷ್ಟೋ ದಿನದಿಂದ ಕರೆಯುತ್ತಿದ್ದೆ. ಈ ಸೂಟ್ ವಿಷಯ ಕೇಳಿದ್ದೇ "ಅದು ನಮ್ಮಂಥವರಿಗಲ್ಲ ಬಿಡಿ ಸರ್" ಅಂದುಬಿಟ್ಟರು. ಇಂಥ ಸೂಟ್‌ಗಳನ್ನು 2010ರಲ್ಲೇ ನಿಲ್ಲಿಸಿದ್ದರು ಅಲ್ವಾ? ಮತ್ತೆ ಇವು ಎಲ್ಲಿಂದ ಬಂದವು?

ಸ್ಟಾಪ್‌ವಾಚ್
ಸರ್, ನಿಲ್ಲಿಸಿದ್ದು ಬೇರೆ ಸೂಟ್. 2008ರಲ್ಲಿ ಸ್ಪೀಡೊ ಕಂಪನಿಯ ಎಲ್‌ಝಡ್‌ಆರ್ ರೇಸರ್ ಬಂತು, ನಾಸಾದ ಗಾಳಿ ಸುರಂಗದಲ್ಲಿ ಪರೀಕ್ಷೆ ಮಾಡಿದ ಬಟ್ಟೆ, ಅದರ ಮೇಲೆ ಪಾಲಿಯುರಿಥೇನ್ ಅನ್ನೋ ರಬ್ಬರಿನಂಥ ಪ್ಲಾಸ್ಟಿಕ್‌ನ ಪಟ್ಟಿಗಳು. ಮರುವರ್ಷ ಬೇರೆ ಕಂಪನಿಗಳು ಪೂರ್ತಿ ಪಾಲಿಯುರಿಥೇನ್ ಸೂಟನ್ನೇ ತಂದವು. ನೀರು ಒಳಗೆ ಹೋಗಲ್ಲ, ಗಾಳಿ ಸಿಕ್ಕಿಕೊಳ್ಳುತ್ತದೆ, ಮೈ ಮೇಲಕ್ಕೆ ತೇಲುತ್ತದೆ. 2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್ ಒಂದರಲ್ಲೇ 43 ವಿಶ್ವ ದಾಖಲೆ ಆದವು! ಜರ್ಮನಿಯ ಪಾಲ್ ಬೀಡರ್‌ಮನ್ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಅಮೆರಿಕದ ಮೈಕಲ್ ಫೆಲ್ಪ್ಸ್ ಅವರನ್ನೇ ಸೋಲಿಸಿದರು. 400ರಲ್ಲಿ ಆಸ್ಟ್ರೇಲಿಯಾದ ಇಯಾನ್ ಥೋರ್ಪ್ ಅವರ 2002ರ ದಾಖಲೆಯನ್ನು ಸೆಕೆಂಡಿನ ನೂರರಲ್ಲಿ ಒಂದು ಭಾಗದಿಂದ ಮುರಿದರು. ಆ ದಾಖಲೆ ಮತ್ತೆ ಮುರಿಯೋದಕ್ಕೆ 2025 ಬರಬೇಕಾಯಿತು.

ಅದಕ್ಕೇ 2010ರ ಜನವರಿಯಿಂದ ನೇಯ್ದ ಬಟ್ಟೆ ಮಾತ್ರ ಅಂತಾಯಿತು. ಗಂಡಸರಿಗೆ ಸೊಂಟದಿಂದ ಮಂಡಿ, ಹೆಂಗಸರಿಗೆ ಭುಜದಿಂದ ಮಂಡಿ, ಜಿಪ್ ಇರಬಾರದು. ನೀವು ನೋಡಿದ್ದು ಈ ಮಿತಿಯೊಳಗಿನ ಸೂಟ್. ನಿಯಮದ ಪ್ರಕಾರ ತಪ್ಪಿಲ್ಲ. ಸೂಟ್ ಹಾಕಿದವರನ್ನು ಮೋಸಗಾರರ ಹಾಗೆ ನೋಡಬೇಡಿ.

ಸಾಗರದಕ್ಕ
ನನಗೆ ಅರವತ್ತು ದಾಟಿದೆ, ನಾನೂ ಟೆಕ್ ಸೂಟ್ ಹಾಕುತ್ತೇನೆ. ಲಾಭ ಇದೆ, ಇಲ್ಲ ಅನ್ನಲ್ಲ. ವಯಸ್ಸಾದ ಮೇಲೆ ಹೊಟ್ಟೆ, ತೊಡೆ ಸಡಿಲವಾಗುತ್ತದೆ, ನೀರಿನಲ್ಲಿ ಅದೆಲ್ಲ ಅಲುಗಾಡಿ ಎಳೆತ ಜಾಸ್ತಿಯಾಗುತ್ತದೆ. ಸೂಟ್ ಅದನ್ನೆಲ್ಲ ಒತ್ತಿ ಹಿಡಿಯುತ್ತದೆ. ಹಾಗಾಗಿ ಇಪ್ಪತ್ತರ ಹುಡುಗಿಗಿಂತ ನನ್ನಂಥವಳಿಗೇ ಇದು ಹೆಚ್ಚು ಸಹಾಯ ಮಾಡುತ್ತದೆ ಅಂತ ನನಗನ್ನಿಸುತ್ತದೆ. ಅಂದರೆ ತುಂಗೆದಡ ಅವರ ಪ್ರಶ್ನೆ ಮಾಸ್ಟರ್ಸ್‌ನಲ್ಲೇ ಜಾಸ್ತಿ ಗಟ್ಟಿ.

ಆದರೂ ಒಂದು ಮಾತು. ನಮ್ಮ ಕಡೆ ಹೆಂಗಸರು ಈ ವಯಸ್ಸಿನಲ್ಲಿ ಕೊಳಕ್ಕೆ ಇಳಿಯೋದೇ ದೊಡ್ಡದು. ಮಂಡಿ ಮುಚ್ಚುವ ಬಟ್ಟೆ ಇದ್ದರೆ ಧೈರ್ಯ ಬರುತ್ತದೆ. ದಯವಿಟ್ಟು ಸೂಟ್ ಬೇಡ ಅನ್ನುವ ಭರದಲ್ಲಿ ಮಂಡಿವರೆಗಿನ ಸಾದಾ ಈಜುಡುಗೆಯನ್ನೂ ತೆಗೆಯಬೇಡಿ. ಅದು ಎರಡು ಸಾವಿರದೊಳಗೇ ಸಿಗುತ್ತದೆ.

ಆಗುಂಬೆಮಳೆ
ನಾನು ಸ್ವಲ್ಪ ಬೇರೆ ಹೇಳುತ್ತೇನೆ ಮಾರಾಯ್ರೆ. ಬೆಂಗಳೂರಿನವರಿಗೆ ವರ್ಷಪೂರ್ತಿ 50 ಮೀಟರ್ ಕೊಳ, ಕೋಚ್, ಬೆಳಿಗ್ಗೆ ಐದಕ್ಕೆ ಲೇನ್ ಎಲ್ಲ ಇದೆ. ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ ಕೆಂಪು ನೀರು, ಇಳಿದರೆ ಜೀವಕ್ಕೇ ಅಪಾಯ. ತೀರ್ಥಹಳ್ಳಿ ಕಡೆಯಿಂದ ಕೊಳಕ್ಕೆ ಅಂತ ಶಿವಮೊಗ್ಗಕ್ಕೆ ದಿನಾ ಹೋಗಿ ಬರೋಕಾಗುತ್ತಾ? ಹೊಳೆಯಲ್ಲಿ ಕಲಿತವನಿಗೆ ಗೋಡೆ ಹತ್ತಿರ ತಿರುಗೋ ಟರ್ನ್ ಬರಲ್ಲ, ಶುರುವಿನ ಕಟ್ಟೆ, ಅಂದರೆ ಬ್ಲಾಕ್ ಮೇಲಿಂದ ಡೈವ್ ಬರಲ್ಲ. ಆ ಕಂಡಕ್ಟರ್ ಕಳೆದುಕೊಳ್ಳೋ ಸಮಯ ಗೋಡೆ ಹತ್ತಿರವೇ ಜಾಸ್ತಿ, ಸೂಟ್‌ನಿಂದಲ್ಲ. ಸೂಟ್ ನಿಲ್ಲಿಸಿದರೆ ಎಲ್ಲ ಸಮವಾಯಿತು ಅಂದುಕೊಳ್ಳಬೇಡಿ. ಅವರಿಗೆ ಮೊದಲು ಟರ್ನ್ ಹೇಳಿಕೊಡಿ.

ತುಂಗೆದಡ
ಟರ್ನ್ ವಿಷಯ ಒಪ್ಪಿದೆ, ನಾನೇ ಹೇಳಿಕೊಡುತ್ತೇನೆ. ಆದರೆ ಕೊಳ ಕಟ್ಟಿಸೋದು ನಮ್ಮ ಕೈಲಿಲ್ಲ, ಬಟ್ಟೆಯ ನಿಯಮ ನಮ್ಮ ಕೈಲಿದೆ. 25 ವಯಸ್ಸಿನಿಂದ ಹಿಡಿದು ಐದೈದು ವರ್ಷಕ್ಕೆ ಒಂದು ಗುಂಪು ಮಾಡಿದ್ದೇ ಸಮಾನರ ಜೊತೆ ಈಜಲಿ ಅಂತ ತಾನೆ? ಆ ಮೇಲೆ ದುಡ್ಡಿನ ಅಂತರ ಯಾಕೆ ಒಳಗೆ ಬಿಡಬೇಕು? ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಹಾಕಿಕೊಳ್ಳಲಿ. ಊರಿನ ಮೀಟ್‌ನಲ್ಲಾದರೂ ಸಾದಾ ಬಟ್ಟೆ ಇರಲಿ.

ಸ್ಟಾಪ್‌ವಾಚ್
ಇದು ಮಾಡಬಹುದು ಸರ್. ಆದರೆ "ಟೆಕ್ ಸೂಟ್ ಬೇಡ" ಅಂತ ಸುಮ್ನೆ ಬರೆದರೆ ಬ್ಲಾಕ್ ಹತ್ತಿರ ಜಗಳವಾಗುತ್ತದೆ. ಎಂಟ್ರಿ ಫಾರಂನಲ್ಲೇ ಹಾಕಿ: ಮಂಡಿವರೆಗೆ ಉದ್ದ ಇರಬಹುದು, ಅಂಟಿಸಿದ ಹೊಲಿಗೆಯ ರೇಸಿಂಗ್ ಸೂಟ್ ಬೇಡ. ಹೊಲಿಗೆ ದಾರದ್ದಾ ಅಂಟಿಸಿದ್ದಾ ಅಂತ ಕಣ್ಣಿಗೇ ಕಾಣುತ್ತದೆ, ಅನುಮಾನ ಬಂದರೆ ವಾರ್ಮಪ್ ಹೊತ್ತಲ್ಲೇ ನೋಡಿಬಿಡಿ. ಫಾರಂ ಕರಡು ಕಳಿಸಿ, ಭಾನುವಾರ ಕೂತು ಸರಿಮಾಡಿಕೊಡುತ್ತೇನೆ.